ಪ್ರತಿಬಂಧಕ ನರಕೋಶಗಳ ಶೋಧನೆಯೂ ಕನ್ನಡ ನಾಡಿನ ಬಿಸಿನೀರಿನ ಅಪಸ್ಮಾರವೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರದ ಮೂಡಣ ಅಂಚಿಗೆ ಸಮೀಪವಾಗಿ, ಹೊಸೂರು ರಸ್ತೆಯ ಮಗ್ಗುಲಲ್ಲಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯು ಜನರ ಬಾಯಲ್ಲಿ ನಿಮ್ಹಾನ್ಸ್ ಎಂದು ಪ್ರಸಿದ್ಧವಾಗಿದೆ. 1847ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಯೇ ಇದರ ಮೂಲ. ಮೈಸೂರು ಸರ್ಕಾರದವರು 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೊಸ ಹೆಸರನ್ನು ಕೊಟ್ಟರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅದರ ಜೊತೆಯಲ್ಲಿ ಹುಟ್ಟಿತು, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಇದರ ಮೊದಲನೆಯ ನಿರ್ದೇಶಕರು. 1974ರ ಡಿಸೆಂಬರ್ 27ರಂದು ಇವೆರಡೂ ಸೇರಿ ಈಗಿನ ಸಂಸ್ಥೆಯಾಯಿತು. 1980ರಿಂದ 1983ರ ವರೆಗೆ ಇಲ್ಲಿಗೆ ಬಂದ ಅಪಸ್ಮಾರಿಗಳಲ್ಲಿ 279 ಮಂದಿಯ ವೃತ್ತಾಂತವನ್ನು ಡಾಕ್ಟರ್ ಪಿ. ಸತೀಶ್ಚಂದ್ರರೂ ಅವರ ಸಹೋದ್ಯೋಗಿಗಳೂ 1988ರಲ್ಲಿ ಪ್ರಕಟಿಸಿದರು. ಆ 279 ಮಂದಿಗೂ ಮೂರ್ಛೆ ಬರುತ್ತಿದ್ದುದು ಒಂದೇ ಕಾರಣದಿಂದ: ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ.

ಈ ವ್ಯಾಧಿಯ ಲಕ್ಷಣವನ್ನು ಮೊದಲು ತಿಳಿದುಕೊಳ್ಳುವುದು ಉಚಿತ. ದಕ್ಷಿಣ ದೇಶದಲ್ಲಿ ಮೈಸ್ನಾನವು ದಿನವೂ ನಡೆದರೂ ತಲೆಸ್ನಾನವು ಮೂರು ದಿನಕ್ಕೋ ವಾರಕ್ಕೋ ಪಕ್ಷಕ್ಕೋ ಒಂದಾವೃತ್ತಿ ನಡೆಯುವ ಪದ್ಧತಿ. ಹಂಡೆಯಲ್ಲಿ ಕಾದ ನೀರು ಸುಮಾರು 40ರಿಂದ 50 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾಗಿರುತ್ತದೆ. ಅದನ್ನು ಚೊಂಬಿನಿಂದ ಮೊಗೆದು ಎಡೆಬಿಡದೆ ತಲೆಯ ಮೇಲೆ ಸುರಿಯುತ್ತಾರೆ. ಹಾಗೆ ಸುರಿಯುತ್ತಿರುವಾಗಲೇ ಕೆಲವರು, ಬಹುಮಟ್ಟಿಗೆ ಬಾಲಕರು, ದೃಷ್ಟಿ ನೆಟ್ಟವರಾಗಿ, ಅಸಂಬದ್ಧವಾಗಿ ಮಾತನಾಡುತ್ತ, ಸ್ಮೃತಿ ತಪ್ಪುತ್ತಾರೆ. ಕೆಲವರು ಸರ್ವಾಂಗವೂ ಸೆಟೆದು ಬಿದ್ದು ಕೈಕಾಲು ಬಡಿಯುತ್ತಾರೆ. ಮತ್ತೆ ಕೆಲವರಿಗೆ ಆ ಹೊತ್ತಿನಲ್ಲಿ ಒಂದು ವಿಧವಾದ ಸುಖಾನುಭವವುಂಟಾಗಿ, ನೀರು ಸುರಿಯುವುದನ್ನು ನಿಲ್ಲಿಸಲಾರದೆ ಸುರಿದುಕೊಳ್ಳುತ್ತಲೇ ಹೋಗುವುದುಂಟು. ಉಳಿದ ಸಮಯದಲ್ಲಿ ಇವರು ಆಟಪಾಠಗಳಲ್ಲಿ ಇತರರಂತೆಯೇ ಇರುತ್ತಾರೆ. ಬಚ್ಚಲಿನ ಬಾಗಿಲು ಹಾಕಿಕೊಂಡ ಮೇಲೆ ನಡೆಯುವ ಸಂಗತಿಯಾದುದರಿಂದ ಇದನ್ನು ಗ್ರಹಚಾರವೆಂದೋ ಜಲದೇವತೆಯ ಕೋಪವೆಂದೋ ಮುಚ್ಚಿಡುವುದು ಸುಲಭ. ಹಾಗೆ ಮುಚ್ಚಿಟ್ಟ ಮನೆಯ ಮಗುವಿಗೆ ಚಿಕಿತ್ಸೆಯಿಲ್ಲ. ಮೂರ್ಛೆಯೊಡನೆ ಹಂಡೆಯ ಬೆಂಕಿ ಮತ್ತು ಕುದಿನೀರುಗಳ ಅಪಾಯವೂ ಸೇರುತ್ತದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಅಪಸ್ಮಾರಿಯನ್ನು ನೀರು, ಬೆಂಕಿ, ಮರ, ಬೆಟ್ಟ ಮುಂತಾದ ವಿಷಮಸ್ಥಾನಗಳಿಂದ ಸದಾ ಕಾಪಾಡಬೇಕೆಂದು ಹೇಳಿದೆ. ಇದನ್ನು ಹಿಡಿದು ಬಿಸಿನೀರಿನ ಅಪಸ್ಮಾರವು ಚರಕನಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅಲ್ಲಿ ನೀರು ರೋಗಕ್ಕೆ ನಿಮಿತ್ತವಲ್ಲ. ಮೂರ್ಛೆ ಬಂದವನು ಬೀಳಬಹುದಾದ ಅಪಾಯಸ್ಥಾನ ಅಷ್ಟೇ. ಗ್ರಂಥದಲ್ಲಿರುವುದನ್ನು ಇರುವಂತೆಯೇ ಓದುವುದರಿಂದ ಪ್ರಾಚೀನರ ಗೌರವಕ್ಕೆ ಕುಂದೇನೂ ಬಾರದು.

ಬಿಸಿನೀರು ಚರ್ಮವನ್ನು ಮುಟ್ಟಿದ ವಾರ್ತೆಯು ಮಿದುಳಿಗೆ ಹೋಗುವುದು ಸಹಜ. ಕೋಟ್ಯಂತರ ಜನರಲ್ಲಿ ಆ ವಾರ್ತೆಯು ಹಿತವಾದ ಸ್ಪರ್ಶವಾಗಿ ಮುಗಿಯುತ್ತದೆ. ಈ ಕೆಲವರಲ್ಲಿ ಅದು ಕಾಳ್ಗಿಚ್ಚಿನಂತೆ ಹಬ್ಬುತ್ತದೆ. ಆದಕಾರಣ ಇಲ್ಲಿ ವಿಚಾರಿಸತಕ್ಕ ಮುಖ್ಯವಿಷಯ, ಇತರರಲ್ಲಿ ಕಿಚ್ಚು ಹಬ್ಬದಂತೆ ತಡೆಯುವುದು ಯಾವುದು ಎಂಬುದು. ಅದಕ್ಕಾಗಿ ಪ್ರತಿಬಂಧವೆಂಬ ಭಾವನೆಯು ಶರೀರಶಾಸ್ತ್ರದಲ್ಲಿ ಬೆಳೆದುಬಂದ ಬಗೆಯನ್ನು ಕೊಂಚ ವಿಸ್ತಾರವಾಗಿ ನೋಡಬೇಕಾಗುತ್ತದೆ.

ನರವನ್ನು ಪ್ರಚೋದಿಸಿದರೆ ಅಂಗವು ಚಲಿಸುವುದೆಂಬುದು ಹಿಂದಿನಿಂದಲೂ ತಿಳಿದಿತ್ತು. ನರವನ್ನು ಪ್ರಚೋದಿಸಿದರೆ ಅಂಗವು ನಿಲ್ಲಲೂ ಬಹುದೆಂಬುದನ್ನು 1845ರಲ್ಲಿ ಜರ್ಮನಿಯ ವೇಬರ್ ಸಹೋದರರು ತೋರಿಸಿದಾಗ ಪಂಡಿತರು ಬೆರಗಾದರು. ಕೊರಳಿನಿಂದ ಇಳಿದುಬರುವ ವೇಗಸ್ ನರಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಹೃದಯವು ಬಡಿಯುವುದನ್ನು ನಿಲ್ಲಿಸುತ್ತಿತ್ತು. 1862ರಲ್ಲಿ ರಷ್ಯಾ ದೇಶದ ಸೆಚೆನೊವ್ ಎಂಬಾತನು ಪ್ಯಾರಿಸ್ಸಿನಲ್ಲಿ ಕಪ್ಪೆಯ ಮಿದುಳಿನ ಒಂದು ಭಾಗದ ಮೇಲೆ ಉಪ್ಪಿನ ಹರಳನ್ನಿಟ್ಟು, ಅದರ ಕಾಲಿನ ಪ್ರತಿಕ್ರಿಯೆಯು ಮಂದವಾಗುವುದನ್ನು ಕಂಡನು. ಮಿದುಳಿಗೂ ತಡೆಯುವ ಶಕ್ತಿಯುಂಟೆಂದು ಇದರಿಂದ ಸ್ಥಾಪಿತವಾಯಿತು. ಇಂಗ್ಲೆಂಡಿನ ಶೆರಿಂಗ್ಟನ್ನನು, ಮೊಣಕಾಲನ್ನು ಮಡಿಸುವ ಸ್ನಾಯುವಿಗೆ ಆಜ್ಞೆಯಾದಾಗ ಅದನ್ನು ಚಾಚುವ ಸ್ನಾಯುವಿಗೆ ತಡೆಯಾಜ್ಞೆಯೂ ಜೊತೆಯಲ್ಲಿಯೇ ಹೋಗುವುದೆಂದು ನಿರೂಪಿಸಿ, 1932ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿದಾಗ ತನ್ನ ಉಪನ್ಯಾಸಕ್ಕೆ ಪ್ರತಿಬಂಧವನ್ನೇ ವಿಷಯವನ್ನಾಗಿ ಆರಿಸಿಕೊಂಡನು.

ಇತ್ತ ರೂಪವನ್ನು ಶೋಧಿಸುವವರ ಪರಂಪರೆಯು ಬೇರೆಯಾಗಿ ಸಾಗಿತ್ತು. ಇಟಲಿಯ ಗೋಲ್ಗಿಯು 1873ರಲ್ಲಿ ಪ್ರಕಟಿಸಿದ ಬೆಳ್ಳಿಯ ಲೇಪನದ ಕ್ರಮವನ್ನು ಸ್ಪೇನಿನ ರಾಮೋನ್ ಇ ಕಹಾಲನು ತಿದ್ದಿ ಬಳಸಿ, 1888ರಲ್ಲಿ ಹಕ್ಕಿಗಳ ಚಿಕ್ಕ ಮಿದುಳಿನಲ್ಲಿ ಒಂದು ಕೋಶದ ತಂತುಗಳು ಮತ್ತೊಂದು ಕೋಶದ ಒಡಲನ್ನು ಬುಟ್ಟಿಯಂತೆ ಸುತ್ತುವರಿದಿರುವುದನ್ನು ಚಿತ್ರಿಸಿದನು. ಮಿದುಳಿನ ತೊಗಟೆಯಲ್ಲಿ ಎರಡು ವರ್ಗದ ಕೋಶಗಳನ್ನು ಆತನು ಕಂಡಿದ್ದನು. ದೂರಕ್ಕೆ ತಂತುವನ್ನು ಕಳುಹಿಸುವ ಪಿರಮಿಡ್ಡಿನಾಕಾರದ ಕೋಶಗಳು ಒಂದು ವರ್ಗ. ನೆರೆಹೊರೆಯಲ್ಲಿಯೇ ತಂತುವನ್ನು ಹರಡುವ ಹ್ರಸ್ವತಂತು ಕೋಶಗಳು ಮತ್ತೊಂದು. ಈ ಎರಡನೆಯವು ಮನುಷ್ಯನಲ್ಲಿ ವಿಶೇಷವಾಗಿ ಹೇರಳವಾಗಿರುವುದನ್ನು ಕಂಡು, ಮಾನವಬುದ್ಧಿಯ ಮೇಲ್ಮೆಗೆ ಅವುಗಳೇ ಕಾರಣವಿರಬಹುದೆಂದು ಆತನು ಭಾವಿಸಿದನು. ಆದರೆ ಅವು ತಡೆಯುವ ಕೋಶಗಳೆಂದು ಆತನು ಹೇಳಲಿಲ್ಲ. ಇದನ್ನು ದೋಷವೆಂದು ಎಣಿಸಲಾಗದು. ಬೆಳ್ಳಿಯ ಲೇಪನವು ಆಕಾರವನ್ನು ತೋರಿಸೀತೇ ಹೊರತು, ಆ ಕೋಶವು ನೆರೆಯದಕ್ಕೆ ಹೂಂ ಎನ್ನುತ್ತದೆಯೋ ಉಹೂಂ ಎನ್ನುತ್ತದೆಯೋ ಎಂಬುದನ್ನು ತೋರಿಸಲಾರದು.

ಆ ನಿರ್ಣಯಕ್ಕೆ ರಸಾಯನಶಾಸ್ತ್ರವು ಬೇಕಾಯಿತು. 1950ರಲ್ಲಿ ಅಮೆರಿಕದ ಯೂಜೀನ್ ರಾಬರ್ಟ್ಸ್ ಮೊದಲಾದವರು ಮಿದುಳಿನಲ್ಲಿ ಗಾಬಾ ಎಂಬ ಸರಳವಾದ ಅಮೈನೋ ಆಮ್ಲವು ಹೇರಳವಾಗಿರುವುದನ್ನು ಕಂಡರು. ಅದರ ಪ್ರಯೋಜನವು ಆಗ ತಿಳಿದಿರಲಿಲ್ಲ. 1951ರಲ್ಲಿ ನ್ಯೂಜಿಲೆಂಡಿನ ಡನೀಡನ್ ನಗರದಲ್ಲಿ ಜಾನ್ ಎಕ್ಲ್ಸನು ಬೆಕ್ಕಿನ ಬೆನ್ನುಹುರಿಯ ಕೋಶದೊಳಗೆ ಗಾಜಿನ ಸೂಜಿಯನ್ನು ಹೊಗಿಸಿ, ಪ್ರತಿಬಂಧದ ವೇಳೆಯಲ್ಲಿ ಕೋಶದ ವಿದ್ಯುತ್ತು ಪ್ರಚೋದನೆಗೆ ವಿರುದ್ಧವಾದ ದಿಕ್ಕಿಗೆ ಸರಿಯುವುದನ್ನು ಅಳೆದನು. ನರಸಂಧಿಯಲ್ಲಿ ನಡೆಯುವುದೆಲ್ಲವೂ ವಿದ್ಯುತ್ತಿನ ಕಾರ್ಯವೆಂದು ಅದುವರೆಗೆ ವಾದಿಸುತ್ತಿದ್ದ ಆತನು, ತನ್ನ ಪ್ರಯೋಗದಿಂದಲೇ ತನ್ನ ಪಕ್ಷವು ಬಿದ್ದುದನ್ನು ಕಂಡು ರಾಸಾಯನಿಕಪಕ್ಷವನ್ನು ಒಪ್ಪಿಕೊಂಡನು. ವಿದ್ವಾಂಸರಲ್ಲಿ ಇದು ಸುಲಭವಾದ ಗುಣವಲ್ಲ. 1957ರಲ್ಲಿ ಫ್ಲೋರೆಯೂ ಅವನ ಸಂಗಡಿಗರೂ, ಮಿದುಳಿನಿಂದ ತೆಗೆದ ಪ್ರತಿಬಂಧಕ ದ್ರವ್ಯದ ಸಾರವು ಗಾಬಾವೇ ಎಂದು ಗೊತ್ತುಮಾಡಿದರು. 1967ರಲ್ಲಿ ಕ್ರನ್ಯೆವಿಚ್ ಮತ್ತು ಶ್ವಾರ್ಟ್ಸ್ ಎಂಬಿಬ್ಬರು, ಮಿದುಳಿನ ತೊಗಟೆಯ ಕೋಶಗಳ ಮೇಲೆ ಗಾಬಾವನ್ನು ಹಾಯಿಸಿದರೆ ಸಹಜಪ್ರತಿಬಂಧದಂಥದೇ ಪರಿಣಾಮವಾಗುವುದನ್ನು ತೋರಿಸಿದರು. ಗಾಬಾವು ಗ್ಲುಟಮೇಟ್ ಎಂಬ ದ್ರವ್ಯದಿಂದ ಉತ್ಪನ್ನವಾಗುತ್ತದೆ. ಕೋಶವನ್ನು ಪ್ರಚೋದಿಸುವ ಮುಖ್ಯದ್ರವ್ಯವೂ ಇದೇ ಗ್ಲುಟಮೇಟ್ ಎಂಬುದು ವಿಚಿತ್ರವಾದರೂ ನಿಜ. ಒಂದೇ ಹಾಲಿನಿಂದ ಕೆನೆಯೂ ಮೊಸರೂ ಆಗುವಂತೆ, ಒಂದು ಇಂಗಾಲಾಮ್ಲದ ಅಂಶವನ್ನು ಕಳೆದುಕೊಂಡ ಮಾತ್ರಕ್ಕೆ ಪ್ರಚೋದಕವು ಪ್ರತಿಬಂಧಕವಾಗುತ್ತದೆ.

ಅಲ್ಲಿಗೆ ತೊಗಟೆಯಲ್ಲಿ ತಡೆಯುವ ಕೋಶಗಳಿವೆಯೆಂಬುದು ಸಿದ್ಧವಾಯಿತು. ಅವು ಸ್ಥೂಲವಾಗಿ ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲು ಪ್ರಚೋದಕಗಳು. ಬಹುಕಾಲ ಈ ಒಂದು ಪಾಲನ್ನು ಒಟ್ಟಾಗಿ ಬಂಡಿಯ ತಡೆಗೋಲಿನಂತೆ ಎಣಿಸುತ್ತಿದ್ದರು. ಕಳೆದ ಐವತ್ತು ವರ್ಷಗಳ ಶೋಧನೆಯ ಸಾರವೆಲ್ಲ, ಈ ತಡೆಯು ಒಂದಲ್ಲ, ಹಲವು ಬಗೆಯದು ಎಂಬ ಮಾತಿನಲ್ಲಿದೆ. ಹಂಗೆರಿಯ ಸೆಂಟಾಗೊತಾಯಿಯು 1970ರ ದಶಕದಲ್ಲಿ ತೂಗುದೀಪದ ಗೊಂಚಲನ್ನು ಹೋಲುವ ಒಂದು ಕೋಶವನ್ನು ವರ್ಣಿಸಿದನು. ಅದೇ ದೇಶದ ಪೀಟರ್ ಶೊಮೊದ್ಯಿಯು 1977ರಲ್ಲಿ ಇಂಥ ಕೋಶದ ತುದಿಗಳು ಪಿರಮಿಡ್ ಕೋಶದ ಅಕ್ಷತಂತುವು ಹೊರಡುವ ಮೂಲದಲ್ಲಿಯೇ ಕೂಡುವುದನ್ನು ತೋರಿಸಿದನು. ಊರಿನೊಳಕ್ಕೆ ಬರುವ ಹಾದಿಗಳು ಸಾವಿರವಿದ್ದರೂ ಹೊರಡುವ ಹೆಬ್ಬಾಗಿಲು ಒಂದೇ. ಆ ಬಾಗಿಲಲ್ಲಿ ಕುಳಿತ ಕಾವಲುಗಾರನು ಇವನು. ಬುಟ್ಟಿಕೋಶಗಳು ಕೋಶದ ಒಡಲನ್ನು ಆವರಿಸುತ್ತವೆ. ಮಾರ್ಟಿನೊಟ್ಟಿಯ ಹೆಸರನ್ನು ಹೊತ್ತ ಕೋಶಗಳಾದರೋ ಮೇಲ್ಪದರಕ್ಕೆ ಏರಿಹೋಗಿ, ವಾರ್ತೆಗಳನ್ನು ಬರಮಾಡಿಕೊಳ್ಳುವ ಶಾಖೆಗಳ ತುದಿಗಳಲ್ಲಿ ನೆಲೆಸುತ್ತವೆ.

ಈಗಿನ ಶಾಸ್ತ್ರಜ್ಞರು ಇವುಗಳನ್ನು ಒಡಲೊಳಗಿನ ದ್ರವ್ಯದಿಂದ ಗುರುತಿಸುವುದುಂಟು. ಬುಟ್ಟಿಕೋಶಗಳಲ್ಲಿ ಹೆಚ್ಚಿನವುಗಳಲ್ಲಿಯೂ ತೂಗುದೀಪಕೋಶಗಳಲ್ಲಿ ಹಲವುಗಳಲ್ಲಿಯೂ ಪಾರ್ವಾಲ್ಬ್ಯುಮಿನ್, ಮಾರ್ಟಿನೊಟ್ಟಿ ಕೋಶಗಳಲ್ಲಿ ಸೊಮಾಟೊಸ್ಟಾಟಿನ್, ಮೂರನೆಯ ಒಂದು ವರ್ಗದಲ್ಲಿ ವಿ.ಐ.ಪಿ. ಎಂಬ ಪೆಪ್ಟೈಡ್ ಇರುತ್ತವೆ. ಇಲಿಯ ಸ್ಪರ್ಶಗ್ರಾಹಕವಾದ ತೊಗಟೆಯಲ್ಲಿ ಮೊದಲನೆಯವು ನೂರಕ್ಕೆ ಸುಮಾರು 40, ಎರಡನೆಯವು ಸುಮಾರು 30, ವಿ.ಐ.ಪಿ. ಕೋಶಗಳನ್ನೊಳಗೊಂಡ ಮೂರನೆಯ ಗುಂಪು ಉಳಿದ ಸುಮಾರು 30. ಇವು ಪಿರಮಿಡ್ ಕೋಶಗಳಂತೆ ತೊಗಟೆಯ ನೇರ ಕೆಳಗೆ ಹುಟ್ಟದೆ, ಗರ್ಭದಲ್ಲಿರುವಾಗಲೇ ಮಿದುಳಿನ ಆಳದ ಬೇರೊಂದು ಭಾಗದಲ್ಲಿ ಹುಟ್ಟಿ ವಲಸೆ ಬರುತ್ತವೆಂಬುದು ಇಲಿಗಳಲ್ಲಿ 1997ರಲ್ಲಿ ಸಿದ್ಧಪಟ್ಟಿತು.

ಹೆಸರುಗಳ ವಿಷಯದಲ್ಲಿ ಎಷ್ಟು ಗೊಂದಲವಾಯಿತೆಂದರೆ, 2005ರಲ್ಲಿ ಶಾಸ್ತ್ರಜ್ಞರು ಕಹಾಲನ ಜನ್ಮಸ್ಥಳವಾದ ಪೆಟಿಲ್ಲಾ ಎಂಬ ಹಳ್ಳಿಯಲ್ಲಿ ಸಭೆ ಸೇರಿದರು. ಅವರು ಗೊತ್ತುಮಾಡಿದ ಪರಿಭಾಷೆಯು 2008ರಲ್ಲಿ ಪ್ರಕಟವಾಯಿತು. ಅವರು ಕೋಶಗಳ ಜಾತಿಗಳನ್ನು ಎಣಿಸಿ ಮುಗಿಸಲಿಲ್ಲ. ಯಾವ ಯಾವ ಲಕ್ಷಣಗಳನ್ನು ಹೇಳಬೇಕೆಂಬುದನ್ನು ಮಾತ್ರ ನಿಯಮಿಸಿದರು. ಲಕ್ಷಣವು ನಿಶ್ಚಯವಾಗದೆ ಸಂಖ್ಯೆಯನ್ನು ಹೇಳಲಾಗದೆಂಬುದು ತರ್ಕಶಾಸ್ತ್ರವನ್ನು ಓದಿದವರಿಗೆ ಹೊಸ ಮಾತಲ್ಲ.

ಮೀಮಾಂಸೆಯನ್ನು ಬಲ್ಲ ವಾಚಕರಿಗೆ ಈ ಕೋಶಗಳ ಭೇದವನ್ನು ಗ್ರಹಿಸಲು ಒಂದು ಹತ್ತಿರದ ದಾರಿಯುಂಟು. ನಿಷೇಧಾರ್ಥಕವಾದ ನಞ್ ಶಬ್ದವು ಕ್ರಿಯೆಯೊಡನೆ ಅನ್ವಯಿಸಿದರೆ ಪ್ರಸಜ್ಯಪ್ರತಿಷೇಧ. ನಾಮಪದದೊಡನೆ ಅನ್ವಯಿಸಿದರೆ ಪರ್ಯುದಾಸ. ಇಂದು ಊಟಮಾಡಕೂಡದು ಎಂಬಲ್ಲಿ ಊಟವೇ ನಿಂತಿತು. ಉಪ್ಪಿಲ್ಲದ್ದನ್ನು ಉಣ್ಣತಕ್ಕದ್ದು ಎಂಬಲ್ಲಿ ಊಟವು ನಡೆಯುತ್ತದೆ, ಉಪ್ಪು ಮಾತ್ರ ಹೊರಗಾಯಿತು. ಒಡಲಲ್ಲಿಯೂ ಅಕ್ಷತಂತುವಿನ ಮೂಲದಲ್ಲಿಯೂ ಕುಳಿತ ಪಾರ್ವಾಲ್ಬ್ಯುಮಿನ್ ಕೋಶಗಳು ಮೊದಲನೆಯ ಬಗೆಯವು: ಪಿರಮಿಡ್ ಕೋಶವು ಮಿಡಿಯಬೇಕೇ ಬೇಡವೇ, ಮಿಡಿದರೆ ಯಾವ ಕ್ಷಣದಲ್ಲಿ, ಎಂಬ ಕ್ರಿಯೆಯನ್ನೇ ಅವು ಆಳುತ್ತವೆ. ಶಾಖೆಗಳ ತುದಿಯಲ್ಲಿ ನೆಲೆಸಿದ ಸೊಮಾಟೊಸ್ಟಾಟಿನ್ ಕೋಶಗಳು ಪರ್ಯುದಾಸದಂಥವು: ಕೋಶವು ಮಿಡಿಯಬಹುದು, ಆದರೆ ಇಂಥ ಶಾಖೆಗೆ ಬಂದ ವಾರ್ತೆಗೆ ಅಲ್ಲಿ ಎಡೆಯಿಲ್ಲ. ಇನ್ನು ವಿ.ಐ.ಪಿ. ಕೋಶಗಳು ಮುಖ್ಯವಾಗಿ ಸೊಮಾಟೊಸ್ಟಾಟಿನ್ ಕೋಶಗಳನ್ನೇ ತಡೆಯುತ್ತವೆಂದು 2013ರಲ್ಲಿ ಹಲವು ಕಡೆಗಳಿಂದ ಪ್ರಕಟವಾಯಿತು. ತಡೆಯನ್ನು ತಡೆದರೆ ಮೊದಲಿನ ವಿಧಿಯು ಪುನಃ ತಲೆಯೆತ್ತುತ್ತದೆ. ಏಕಾದಶಿಯಲ್ಲಿ ಭೋಜನವು ನಿಷಿದ್ಧ, ಬಾಲರಿಗೂ ರೋಗಿಗಳಿಗೂ ಆ ನಿಷೇಧವಿಲ್ಲ ಎಂಬಲ್ಲಿ ಶಾಸ್ತ್ರಕಾರರು ಇದನ್ನೇ ಪ್ರತಿಪ್ರಸವವೆನ್ನುತ್ತಾರೆ. ಇಲಿಯು ಬಹುಮಾನವನ್ನೋ ದಂಡನೆಯನ್ನೋ ಹೊಂದಿದ ಕ್ಷಣದಲ್ಲಿ ಈ ಕೋಶಗಳು ಮಿಡಿಯುತ್ತವೆ. ಮುಖ್ಯವಾದ ಹೊತ್ತಿನಲ್ಲಿ ಬಾಗಿಲು ತೆರೆಯುವ ಅಧಿಕಾರ ಇವುಗಳದು.

ಸಾದೃಶ್ಯವು ಸಾದೃಶ್ಯವೇ; ಜೈಮಿನಿಯು ನರಕೋಶಗಳನ್ನು ಬಲ್ಲವನಾಗಿದ್ದನೆಂದು ಇದರಿಂದ ಯಾರೂ ತೆಗೆದುಕೊಳ್ಳಬಾರದು. ಅದಕ್ಕೆ ಎಲ್ಲೆಯೂ ಉಂಟು. ಹೆಬ್ಬಾಗಿಲ ಕಾವಲುಗಾರನೆನಿಸಿದ ತೂಗುದೀಪಕೋಶವು ಕೆಲವು ಸ್ಥಿತಿಗಳಲ್ಲಿ ತಡೆಯುವುದರ ಬದಲು ಪ್ರಚೋದಿಸುವುದುಂಟೆಂದು 2006ರಲ್ಲಿ ಹಂಗೆರಿಯಿಂದಲೇ ವರದಿಯಾಯಿತು. ಅಲ್ಲದೆ ಈ ಕೋಶಗಳ ಕಾರ್ಯವು ಬೇಡವೆನ್ನುವುದರಲ್ಲಿಯೇ ಮುಗಿಯುವುದಿಲ್ಲ. 2009ರಲ್ಲಿ, ಪಾರ್ವಾಲ್ಬ್ಯುಮಿನ್ ಕೋಶಗಳನ್ನು ಬೆಳಕಿಗೆ ವಶವಾಗುವಂತೆ ಮಾಡಿ ಸೆಕೆಂಡಿಗೆ ಸುಮಾರು 40 ಸಲ ಮಿಡಿಯಿಸಿದಾಗ, ಇಲಿಯ ತೊಗಟೆಯಲ್ಲಿ ಗಾಮಾ ಎಂಬ ಲಯವು ಮೂಡಿತು. ಪಿರಮಿಡ್ ಕೋಶಗಳೆಲ್ಲ ಆ ತಡೆಯ ನಡುವಣ ಬಿಡುವಿನಲ್ಲಿ ಒಟ್ಟಿಗೆ ನುಡಿಯುತ್ತವೆ. ಮೃದಂಗದಲ್ಲಿ ಎರಡು ಘಾತಗಳ ನಡುವಣ ಅಂತರವು ತಾಳವನ್ನು ಮಾಡುವಂತೆ, ಮಿದುಳಿನ ಮಾತಿಗೆ ಕಾಲವನ್ನು ಕೊಡುವುದು ಈ ತಡೆಯೇ.

ಇಷ್ಟನ್ನು ತಿಳಿದ ಮೇಲೆ ಬೆಂಗಳೂರಿನ ರೋಗಿಗಳ ಕಡೆಗೆ ತಿರುಗಬಹುದು. ಬಿಸಿನೀರಿನಿಂದ ಮೂರ್ಛೆ ಹೋಗುವ ಒಬ್ಬ ಬಾಲಕನ ವೃತ್ತಾಂತವನ್ನು ಮೊದಲು ಬರೆದವನು ಆಲೆನ್ ಎಂಬ ವೈದ್ಯ. 1945ರಲ್ಲಿ, ಎಕ್ಲ್ಸನ ಪ್ರಯೋಗವು ಮುಂದೆ ನಡೆಯಲಿದ್ದ ನ್ಯೂಜಿಲೆಂಡಿನಲ್ಲಿಯೇ. ಬೇರೆ ದೇಶಗಳಲ್ಲಿ ಅದು ವಿರಳವಾದ ಕೌತುಕವಾಗಿ ಉಳಿಯಿತು. ಕನ್ನಡ ನಾಡಿನಲ್ಲಿ ಅದು ಸಾಮಾನ್ಯವಾದ ವ್ಯಾಧಿಯೆಂಬುದನ್ನು ತೋರಿಸಿದ ಕೀರ್ತಿಯು ಡಾಕ್ಟರ್ ಕೆ. ಎಸ್. ಮಣಿಯವರದು. ಅವರೂ ಅವರ ಸಂಗಡಿಗರೂ 1968ರಲ್ಲಿ ಮೊದಲ ವರದಿಯನ್ನು ಬರೆದರು. 1974ರಲ್ಲಿ 108 ರೋಗಿಗಳ ಲಕ್ಷಣಗಳನ್ನೂ ಮಿದುಳಿನ ವಿದ್ಯುಲ್ಲೇಖಗಳನ್ನೂ ಪ್ರಕಟಿಸಿದರು. ಈಗ ಚಾಮರಾಜನಗರ ಜಿಲ್ಲೆಗೆ ಸೇರಿದ ಯಳಂದೂರಿನಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದಾಗ ಲಕ್ಷಕ್ಕೆ 255 ಮಂದಿಯಲ್ಲಿಯೂ, ಬೆಂಗಳೂರಿನ ನಗರ ಮತ್ತು ಗ್ರಾಮಾಂತರಗಳ ಸಮೀಕ್ಷೆಯಲ್ಲಿ ಲಕ್ಷಕ್ಕೆ 60 ಮಂದಿಯಲ್ಲಿಯೂ ಈ ವ್ಯಾಧಿಯು ಕಂಡುಬಂದಿತು. ತುರ್ಕಿ ದೇಶದಿಂದಲೂ ಇಂಥ ರೋಗಿಗಳ ವರದಿಗಳು ಬಂದಿವೆ; ಅಲ್ಲಿಯೂ ಬಟ್ಟಲಿನಿಂದ ತಲೆಯ ಮೇಲೆ ಬಿಸಿನೀರು ಸುರಿಯುವ ವಾಡಿಕೆಯುಂಟೆಂಬುದು ಗಮನಿಸತಕ್ಕ ಸಂಗತಿ.

ಆದರೆ ವಾಡಿಕೆಯೊಂದೇ ಕಾರಣವಾಗಿದ್ದರೆ ದಕ್ಷಿಣ ದೇಶದವರೆಲ್ಲರೂ ರೋಗಿಗಳಾಗಬೇಕಾಗಿತ್ತು. ಜಿ. ಆರ್. ಉಳ್ಳಾಲ್, ಸತೀಶ್ಚಂದ್ರ ಮತ್ತು ಎಸ್. ಕೆ. ಶಂಕರ್ ಅವರು 1996ರಲ್ಲಿ ಇಲಿಗಳಲ್ಲಿ ಬಿಸಿನೀರಿನಿಂದ ಮೂರ್ಛೆಯನ್ನುಂಟುಮಾಡಿ ಪರೀಕ್ಷಿಸಿದರು. ಪುನಃಪುನಃ ಹೀಗೆ ಮಾಡಿದರೆ ಮೂರ್ಛೆಯು ಬರಬರುತ್ತ ಸುಲಭವಾಗಿಯೂ ದೀರ್ಘವಾಗಿಯೂ ಬರತೊಡಗುತ್ತದೆ. ಒದ್ದೆಕಟ್ಟಿಗೆಯು ಮೊದಲು ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುವಂತೆ. ಮನುಷ್ಯರಲ್ಲಿಯೂ, ಹುಟ್ಟಿನಿಂದ ಬಂದ ಒಂದು ದೌರ್ಬಲ್ಯದ ಮೇಲೆ ವಾರವಾರದ ಬಿಸಿನೀರು ಹೀಗೆಯೇ ಕೆಲಸಮಾಡುವುದೆಂದು ನಿಮ್ಹಾನ್ಸಿನ ವಿದ್ವಾಂಸರ ಪಕ್ಷ. ರೋಗಿಗಳಲ್ಲಿ ಕೆಲವರಿಗೆ ವರ್ಷಗಳು ಕಳೆದ ಮೇಲೆ ನೀರಿನ ನಿಮಿತ್ತವಿಲ್ಲದೆಯೂ ಮೂರ್ಛೆ ಬರಲಾರಂಭಿಸುವುದು ಈ ಪಕ್ಷಕ್ಕೆ ಪೋಷಕವಾಗಿದೆ.

ಬಿಸಿಯಿಂದ ತಡೆಯು ಮುರಿಯುವುದಕ್ಕೆ ಸ್ಪಷ್ಟವಾದ ಉದಾಹರಣೆಯು ಮತ್ತೊಂದು ವ್ಯಾಧಿಯಲ್ಲಿ ದೊರೆತಿದೆ. ಫ್ರಾನ್ಸಿನ ಶಾರ್ಲಾಟ್ ದ್ರಾವೆ ಎಂಬ ವೈದ್ಯೆಯು 1978ರಲ್ಲಿ ವರ್ಣಿಸಿದ ಶಿಶುಗಳ ಘೋರವಾದ ಅಪಸ್ಮಾರದಲ್ಲಿ ಜ್ವರವೂ ಬಿಸಿನೀರಿನ ಸ್ನಾನವೂ ಮೂರ್ಛೆಯನ್ನು ಬರಿಸುತ್ತವೆ. ಅದಕ್ಕೆ ಸೋಡಿಯಂ ಕಣಗಳನ್ನು ಹಾಯಿಸುವ ಒಂದು ಕಾಲುವೆಯ ಜೀನಿನಲ್ಲಿರುವ ದೋಷವು ಕಾರಣವೆಂದು 2001ರಲ್ಲಿ ತಿಳಿಯಿತು. ಆ ಕಾಲುವೆಯು ದುರ್ಬಲವಾದರೆ ಹೆಚ್ಚು ಕುಗ್ಗುವುವು ಪ್ರತಿಬಂಧಕ ಕೋಶಗಳೇ ಎಂದು 2006ರಲ್ಲಿ ಇಲಿಗಳಲ್ಲಿ ಸಿದ್ಧವಾಯಿತು. ಅಂಥ ಇಲಿಗಳ ಮೈಬಿಸಿಯನ್ನು ಏರಿಸಿದರೆ ಮೂರ್ಛೆ ಬರುವುದನ್ನು 2009ರಲ್ಲಿ ತೋರಿಸಿದರು. ಆದರೂ ದ್ರಾವೆಯ ವ್ಯಾಧಿಯನ್ನೂ ಕನ್ನಡ ನಾಡಿನದನ್ನೂ ಒಂದೆನ್ನುವುದು ಪ್ರಮಾದ. ಅಲ್ಲಿ ವ್ಯಾಧಿಯು ಮೊದಲ ವರ್ಷದಲ್ಲಿಯೇ ತೊಡಗಿ ಬುದ್ಧಿಯ ಬೆಳವಣಿಗೆಯನ್ನು ಕೆಡಿಸುತ್ತದೆ, ಇಲ್ಲಿ ಹಾಗಲ್ಲ. ಅಲ್ಲಿ ಮೈಯೆಲ್ಲ ಕಾಯುವುದು ನಿಮಿತ್ತ. ಇಲ್ಲಿ ತಲೆಯ ಮೇಲೆ ಧಾರೆಯಾಗಿ ಬೀಳುವ ಬಿಸಿಯು ನಿಮಿತ್ತ.

ಇಲ್ಲಿಯ ವ್ಯಾಧಿಗೆ ಕುಲಮೂಲವೂ ಉಂಟು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದರು ನಿಮ್ಹಾನ್ಸಿನವರೊಡನೆ ಸೇರಿ, ಕೆಲವು ಮನೆತನಗಳಲ್ಲಿ ಈ ವ್ಯಾಧಿಯು ಹತ್ತನೆಯ ಮತ್ತು ನಾಲ್ಕನೆಯ ಕ್ರೋಮೋಸೋಮುಗಳ ನಿರ್ದಿಷ್ಟ ಭಾಗಗಳೊಡನೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದನ್ನು 2009ರಲ್ಲಿ ಪ್ರಕಟಿಸಿದರು. 2017ರಲ್ಲಿ ಅದೇ ಬಳಗದವರು ಎಸ್.ಎಲ್.ಸಿ.1ಎ1 ಎಂಬ ಜೀನಿನಲ್ಲಿ ವಿರಳವಾದ ಭೇದಗಳನ್ನು ಕೆಲವು ರೋಗಿಗಳಲ್ಲಿ ಕಂಡರು. ಈ ಜೀನು ರೂಪಿಸುವ ಪ್ರೋಟೀನು ಹೊರಗಿನ ಗ್ಲುಟಮೇಟನ್ನು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಗಾಬಾವು ಹುಟ್ಟುವುದು ಗ್ಲುಟಮೇಟಿನಿಂದಲೇ ಎಂದು ಮೇಲೆ ಹೇಳಿದುದನ್ನು ವಾಚಕರು ಇಲ್ಲಿ ಸ್ಮರಿಸಬೇಕು. ಪ್ರತಿಬಂಧಕ ಕೋಶಕ್ಕೆ ಈ ಕಚ್ಚಾಪದಾರ್ಥವು ಸಾಲದೆ ಹೋದರೆ ಅದರ ಕೈಯಲ್ಲಿ ಗಾಬಾವೂ ಸಾಲದಾಗುತ್ತದೆ. ಇದು ಇನ್ನೂ ಅನುಮಾನಪ್ರಮಾಣದ ಮಟ್ಟದಲ್ಲಿದೆ. ದೋಷವು ಇದೇ ಎಂದಾದರೂ, ತಡೆಗಳಲ್ಲಿ ಯಾವುದು ಮೊದಲು ಸೋಲುತ್ತದೆ, ಒಡಲ ಬಳಿಯದೋ ಶಾಖೆಯ ತುದಿಯದೋ, ಎಂಬುದು ಪ್ರತ್ಯಕ್ಷವಾಗಿ ಪರೀಕ್ಷಿತವಾಗಬೇಕಾದುದು. ತಡೆ ಕಡಿಮೆಯಾಯಿತು ಎಂದಿಷ್ಟೇ ಹೇಳಿದರೆ, ಯಾವ ನಞ್ ಎಂದು ತಿಳಿಯದೆ ವಾಕ್ಯಾರ್ಥವನ್ನು ಹೇಳಿದಂತಾಗುತ್ತದೆ.

ಚಿಕಿತ್ಸೆಯಾದರೋ ಸಿದ್ಧಾಂತಕ್ಕಾಗಿ ಕಾಯಲಿಲ್ಲ. ಕ್ಲೋಬಜಾಮ್ ಎಂಬ ಔಷಧವು ಗಾಬಾವನ್ನು ಸ್ವೀಕರಿಸುವ ದ್ವಾರಗಳಲ್ಲಿ ಅದರ ಬಲವನ್ನು ಹೆಚ್ಚಿಸುತ್ತದೆ. ಹೊಸ ತಡೆಯನ್ನು ತರದೆ ಇದ್ದ ತಡೆಗೇ ಕಸುವು ಕೊಡುತ್ತದೆ. ನಿಮಿತ್ತವಿಲ್ಲದ ಮೂರ್ಛೆಯೂ ಬರುವವರಿಗೆ ದಿನವೂ ಔಷಧವು ಬೇಕಾಗುತ್ತದೆ. ನೀರಿನಿಂದ ಮಾತ್ರ ಬರುವವರಿಗೆ, ನೀರಿನ ಬಿಸಿಯನ್ನು ಇಳಿಸಿ ಒಂದೇ ಸಮನೆ ಸುರಿಯದಿರುವುದೇ ಮೊದಲ ಉಪಾಯ. ಅದರಿಂದ ನಿಲ್ಲದಿದ್ದರೆ, ವೈದ್ಯರು ಗೊತ್ತುಮಾಡಿದ ಪ್ರಮಾಣದಲ್ಲಿ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚಿತವಾಗಿ ಈ ಔಷಧವನ್ನು ಕೊಡುವ ಕ್ರಮವನ್ನು ನಿಮ್ಹಾನ್ಸಿನವರು ರೂಢಿಗೆ ತಂದರು. ಹಂಡೆಗೆ ಬೆಂಕಿ ಹಾಕುವ ಹೊತ್ತಿನಲ್ಲಿ ಮಗುವಿಗೆ ಮಾತ್ರೆಯನ್ನು ಕೊಟ್ಟರೆ, ನೀರು ಕಾದು ಎಣ್ಣೆ ಹಚ್ಚಿ ಮುಗಿಯುವ ವೇಳೆಗೆ ಅದು ತನ್ನ ಕೆಲಸಕ್ಕೆ ಸಿದ್ಧವಾಗಿರುತ್ತದೆ.